ಅಂಕಿತವೂ ದಫ್ತರವೂ: ಸಾಕುಪ್ರಾಣಿಗಳ ಮೈಕ್ರೋಚಿಪ್ ಕುರಿತು ಒಂದು ಸಮೀಕ್ಷೆ

ತಪ್ಪಿಸಿಕೊಂಡ ಪ್ರಾಣಿಯೊಂದು ಮರಳಿ ಒಡೆಯನ ಮನೆಯನ್ನು ಸೇರಬೇಕಾದರೆ ಅದರ ಶರೀರದಲ್ಲಿ ಸುಲಭವಾಗಿ ಅಳಿಯದ ಗುರುತೊಂದು ಇರಬೇಕು. ಆ ಗುರುತನ್ನು ಕಂಡು ಇಂಥದೆಂದು ತಿಳಿಯಬಲ್ಲವನೊಬ್ಬನು ಪ್ರಾಣಿ ಸಿಕ್ಕಿದ ಎಡೆಯಲ್ಲಿಯೇ ಇರಬೇಕು. ಗುರುತಿಗೂ ಒಡೆಯನಿಗೂ ಇರತಕ್ಕ ಸಂಬಂಧವನ್ನು ತಿಳಿಸುವ ಲೆಕ್ಕವು, ಜನರ ನೆನಪಿನಲ್ಲಿಯೋ ಬರಹದಲ್ಲಿಯೋ, ಎಲ್ಲಿಯಾದರೂ ಉಳಿದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮಿಕ್ಕೆರಡು ನಿಷ್ಫಲವಾಗುವುವು. ನಾಯಿ ಬೆಕ್ಕುಗಳ ಚರ್ಮದ ಅಡಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಇರಿಸುವ ಪದ್ಧತಿಯು ನಮ್ಮ ದೊಡ್ಡ ಪಟ್ಟಣಗಳಲ್ಲಿ ಈಚೆಗೆ ಬಳಕೆಗೆ ಬರುತ್ತಿದ್ದು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಿಗೂ ಇಂದಲ್ಲ ನಾಳೆ ಅದು ವ್ಯಾಪಿಸತಕ್ಕದ್ದೇ ಆದ್ದರಿಂದ, ಈ ಪದ್ಧತಿಯು ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತವಾಗಿದೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಚಿಪ್ ಉಪಯುಕ್ತವಾದದ್ದು, ಬರಬೇಕಾದದ್ದು. ಆದರೆ ಅದು ಗುರುತನ್ನು ಮಾತ್ರ ಒದಗಿಸುವುದು. ಓದುವವನನ್ನೂ ಲೆಕ್ಕದ ಪುಸ್ತಕವನ್ನೂ ನಾವೇ ಸಿದ್ಧಪಡಿಸಿಕೊಳ್ಳಬೇಕು, ಮತ್ತು ಅದನ್ನು ಚಿಪ್ ಬರುವುದಕ್ಕೆ ಮುಂಚೆಯೇ ಮಾಡಬೇಕು.

ಪಶುವಿಗೆ ಗುರುತು ಹಾಕುವ ವಿದ್ಯೆ ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿಧಿಸುವ ಅಧ್ಯಾಯವೊಂದುಂಟು. ಹುಟ್ಟಿ ಒಂದೆರಡು ತಿಂಗಳಾದ ಕರುವಿಗೆ ಅಂಕ ಹಾಕಬೇಕೆಂದೂ, ಎಲ್ಲಿಂದಲೋ ಬಂದು ಹಿಂಡಿನೊಳಗೆ ಸೇರಿ ಒಂದೆರಡು ತಿಂಗಳು ನಿಂತ ಪಶುವಿಗೂ ಹಾಗೆಯೇ ಮಾಡಬೇಕೆಂದೂ, ಹಾಕಿದ ಅಂಕ, ಹುಟ್ಟಿನಿಂದ ಬಂದ ಚಿಹ್ನೆ, ಮೈಯ ಬಣ್ಣ, ಕೊಂಬುಗಳ ನಡುವಣ ಅಂತರ ಇವೆಲ್ಲವನ್ನೂ ಪುಸ್ತಕದಲ್ಲಿ ನಿಬಂಧಿಸಬೇಕೆಂದೂ ಅಲ್ಲಿ ಹೇಳಿದೆ. ಬರೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಆ ಗ್ರಂಥಕಾರನು ಭಾವಿಸಲಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಅಂಶ. ಗುರುತನ್ನೂ ಬರಹವನ್ನೂ ಆತನು ಒಂದೇ ವಿಧಿಯೊಳಗೆ ಕೂಡಿಸಿ ಹೇಳಿದ್ದಾನೆ. ಮಹಾಭಾರತದಲ್ಲಿ ಪಾಂಡವರು ಕಾಡಿನಲ್ಲಿದ್ದಾಗ ಅವರೆದುರಿಗೆ ತನ್ನ ವೈಭವವನ್ನು ಮೆರೆಯಬೇಕೆಂದು ಹೊರಟ ದುರ್ಯೋಧನನು ಧೃತರಾಷ್ಟ್ರನಿಗೆ ಒಡ್ಡಿದ ನೆಪವಾದರೂ ತುರುಹಟ್ಟಿಗಳ ಗೋವುಗಳನ್ನು ಎಣಿಸಿ, ಕರುಗಳಿಗೆ ಗುರುತು ಹಾಕಿಸಿ ಬರುವುದು ಎಂಬುದೇ ಆಗಿತ್ತು. ಅರಸನು ಸ್ವತಃ ಹೋಗಿ ಮಾಡಿಸತಕ್ಕ ಕಾರ್ಯವೆಂದು ಅದನ್ನು ನಂಬಬಹುದಾಗಿದ್ದುದರಿಂದಲೇ ಆ ನೆಪವು ಸಂದಿತು. ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ತುರುಗಾಳಗದ ವೀರಗಲ್ಲುಗಳು, ಕಳೆದುಹೋದ ದನವನ್ನು ಮರಳಿ ತರುವುದಕ್ಕಾಗಿ ಜನ ಪ್ರಾಣವನ್ನೇ ತೆತ್ತ ಕಾಲವೊಂದಿತ್ತೆಂಬುದಕ್ಕೆ ಸಾಕ್ಷಿಯಾಗಿವೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿ ಹೆಸರನ್ನು ಕೆತ್ತಿಸಿದರೆಂಬುದನ್ನೂ ಇಲ್ಲಿ ನೆನೆಯಬಹುದು. ಪ್ರಾಣಿಯನ್ನು ಬರಿಯ ಸಂಖ್ಯೆಯೆಂದಲ್ಲದೆ ಹೆಸರುಳ್ಳ ಜೀವವೆಂದು ಕಾಣುವ ದೃಷ್ಟಿಯು ಈ ಮಣ್ಣಿಗೆ ಪರಕೀಯವಲ್ಲ.

ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿಯೂ ಕುರುಬರ ಕುರಿಹಟ್ಟಿಗಳಲ್ಲಿಯೂ ಈ ವಿದ್ಯೆಯು ಇಂದಿಗೂ ಜೀವಂತವಾಗಿದೆ. ಮರಿಯು ಎಳೆಯದಾಗಿರುವಾಗಲೇ ಕಿವಿಯ ಅಂಚನ್ನು ಒಂದು ಕ್ರಮದಲ್ಲಿ ಕತ್ತರಿಸುವರು: ಒಂದು ಮನೆಯವರದು ಬಲಗಿವಿಯ ತುದಿ, ಇನ್ನೊಂದು ಮನೆಯವರದು ಎಡಗಿವಿಯ ಹಿಂಭಾಗದ ಕಚ್ಚು, ಮತ್ತೊಂದು ಮನೆಯವರದು ಎರಡು ಕಚ್ಚು, ಹೀಗೆ. ಸಂಜೆ ಮಂದೆಯು ರೊಪ್ಪಕ್ಕೆ ಬರುವ ಹೊತ್ತಿನಲ್ಲಿ ಬಾಗಿಲ ಬಳಿ ನಿಂತ ಹಿರಿಯನು, ನಡುವೆ ಅಪರಿಚಿತವಾದ ಕುರಿಯೊಂದು ನುಸುಳಿತೆಂದು ತೋರಿದೊಡನೆ ಅದರ ಕೊರಳನ್ನು ಮೊಣಕಾಲಿನಿಂದ ಒತ್ತಿಹಿಡಿದು, ಬೆಳಕಿಗಾಗಿ ಕಾಯದೆ, ಕಿವಿಯ ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿ, ಇದು ಆಚೆಹಟ್ಟಿಯ ಇಂಥವರ ಮನೆಯದು, ನಾಳೆ ಹುಡುಗನ ಕೈಯಲ್ಲಿ ಹೊಡೆಸಿ ಕಳುಹಿಸಿ ಎಂದು ಹೇಳಿಬಿಡುವನು. ಈ ವ್ಯವಸ್ಥೆಯ ಗುಣವನ್ನು ಚೆನ್ನಾಗಿ ಗ್ರಹಿಸಬೇಕು. ಗುರುತು ಅತಿ ಸರಳ, ಉಪಕರಣ ಹೆಬ್ಬೆರಳು, ಲೆಕ್ಕದ ಪುಸ್ತಕವು ಆ ಸುತ್ತಿನ ಹಟ್ಟಿಗಳ ಹಿರಿಯರೆಲ್ಲರ ತಲೆಯೊಳಗೆ ಇದೆ. ಇದರ ಮಿತಿಯೂ ಅಲ್ಲಿಯೇ ಇದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಸುರನ್ನರಸಿ ನೀರಾವರಿಯ ಸೀಮೆಗೆ ಮಂದೆಯನ್ನು ಹೊಡೆದುಕೊಂಡು ಹೋದಾಗ, ಅಲ್ಲಿ ತಪ್ಪಿದ ಕುರಿಯ ಕಿವಿಯನ್ನು ಓದಬಲ್ಲ ಹೆಬ್ಬೆರಳು ಯಾವುದೂ ಇಲ್ಲ. ಅಲ್ಲದೆ ಕಿವಿಯನ್ನು ಇನ್ನಷ್ಟು ಕತ್ತರಿಸಿ ಗುರುತನ್ನೇ ಕೆಡಿಸುವುದು ಕಳ್ಳನಿಗೆ ಕಷ್ಟವೇನೂ ಅಲ್ಲ.

ಬಹು ದೊಡ್ಡ ಪ್ರಮಾಣದಲ್ಲಿ ಪಶುಗಳ ದಫ್ತರವನ್ನಿಟ್ಟುಕೊಂಡು ನಡೆದ ಸಂಸ್ಥೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರನ್ನೂ ತನ್ನದೇ ಆದ ಹುಕುಂನಾಮೆಯನ್ನೂ ಪಡೆದು, ದಂಡಿನ ಸಾಮಗ್ರಿಯನ್ನೆಳೆಯುವ ಎತ್ತುಗಳನ್ನು ಒದಗಿಸುತ್ತ ಬಂದ ಆ ಇಲಾಖೆಯ ಕಾವಲುಗಳು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲೆಲ್ಲ ಹರಡಿದ್ದವು. 1860ರಲ್ಲಿ ಮಿತವ್ಯಯದ ನೆಪದಿಂದ ಹಿಂಡುಗಳನ್ನು ಮಾರಿಬಿಟ್ಟು, ಒಳ್ಳೆಯ ಎತ್ತುಗಳು ಸಿಕ್ಕದಂತಾದ ಮೇಲೆ 1866ರಲ್ಲಿ ಅವನ್ನು ಮತ್ತೆ ಕಟ್ಟಬೇಕಾಯಿತು. ಹೊಸದುರ್ಗದ ನೆರೆಯ ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ತಳಿ ಸಂವರ್ಧನ ಕೇಂದ್ರವು ಇಂದಿಗೂ ಆ ತಳಿಯನ್ನು ಕಾಪಾಡುತ್ತಿದೆ. ಒಂದು ತಳಿಯು ಇಷ್ಟು ಶತಮಾನಗಳ ಕಾಲ ಶುದ್ಧವಾಗಿ ಉಳಿದಿರುವುದು ಹುಲ್ಲುಗಾವಲಿನಿಂದ ಮಾತ್ರವಲ್ಲ, ಯಾವ ಹೋರಿಯ ಸಂತತಿ ಯಾವ ಹಿಂಡಿನಲ್ಲಿದೆಯೆಂಬ ಲೆಕ್ಕದಿಂದಲೂ ಹೌದು.

ಇಂಥ ಲೆಕ್ಕವಿಲ್ಲದ ಸಾಮಾನ್ಯ ರೈತನ ದನಕ್ಕೆ ಇದ್ದ ಒಂದೇ ವ್ಯವಸ್ಥೆ ಊರಿನ ದೊಡ್ಡಿ. 1871ರ ಜಾನುವಾರು ಅತಿಕ್ರಮ ಪ್ರವೇಶದ ಕಾನೂನಿನಿಂದ ರೂಪುಗೊಂಡ ಈ ಏರ್ಪಾಟಿನಲ್ಲಿ, ಪರರ ಹೊಲವನ್ನು ಮೇಯ್ದ ದನವನ್ನು ದೊಡ್ಡಿಗೆ ಕೂಡುವುದು, ಒಡೆಯನು ಬಂದು ದಂಡವನ್ನೂ ಮೇವಿನ ವೆಚ್ಚವನ್ನೂ ಕೊಟ್ಟು ಬಿಡಿಸಿಕೊಳ್ಳುವುದು, ಬಾರದಿದ್ದರೆ ಸಾರಿ ಹರಾಜು ಹಾಕುವುದು ಎಂಬುದೇ ಕ್ರಮ. ಒಡೆಯನೇ ದನವನ್ನು ಹುಡುಕಿಕೊಂಡು ಬರಬೇಕಿತ್ತಲ್ಲದೆ, ದನವನ್ನು ಕಂಡು ಒಡೆಯನನ್ನು ಹುಡುಕುವ ಉಪಾಯವು ಆ ಏರ್ಪಾಟಿನಲ್ಲಿ ಇರಲಿಲ್ಲ.

ಆ ಉಪಾಯವು ದನ ಎಮ್ಮೆಗಳ ಮಟ್ಟಿಗೆ ಒದಗಿದುದು ತೀರ ಈಚೆಗೆ. ಹಳದಿ ಬಣ್ಣದ, ಹನ್ನೆರಡು ಅಂಕಿಗಳುಳ್ಳ ಕಿವಿಯೋಲೆಯನ್ನು ಇಂದು ಈ ಜಿಲ್ಲೆಯ ಯಾವ ಊರಿನ ಕೊಟ್ಟಿಗೆಯಲ್ಲಿಯೂ ಕಾಣಬಹುದು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಡನೆ ಈ ಓಲೆಯನ್ನೂ ಜೋಡಿಸಿದುದರಿಂದ ಅದು ಮನೆಮನೆಗೆ ಮುಟ್ಟಿತು. ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲಕ್ಕೂ ಆ ಸಂಖ್ಯೆಯೇ ಆಧಾರವಾಯಿತು. ವಿಮೆಯ ಹಣ ಪಡೆಯಬೇಕಾದ ರೈತನಿಗೆ ಸತ್ತ ಹಸುವಿನ ಕಿವಿಯಲ್ಲಿ ಓಲೆ ಇರುವುದು ಎಷ್ಟು ಅವಶ್ಯಕವೆಂಬುದನ್ನು ಹಳ್ಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಬಳ್ಳಾರಿ ಜಾಲಿಯ ಪೊದೆಗೆ ಸಿಕ್ಕಿ ಓಲೆಯು ಹರಿದುಹೋಗುವುದೂ, ಒಮ್ಮೊಮ್ಮೆ ಕಿವಿಯೇ ಸೀಳುವುದೂ, ಹುಳು ಬೀಳುವುದೂ ಉಂಟು. ಆದರೂ ಒಟ್ಟಿನಲ್ಲಿ ಈ ಏರ್ಪಾಟು ನೆಲೆಯೂರಿತು. ಓಲೆಯನ್ನು ಹಾಕಿದವನೇ ಸಂಖ್ಯೆಯನ್ನೂ ಒಡೆಯನ ಹೆಸರನ್ನೂ ಅದೇ ಹೊತ್ತಿನಲ್ಲಿ ಒಂದೇ ಸರಕಾರಿ ದಾಖಲೆಗೆ ಸೇರಿಸಿದನು. ಓದುವುದಕ್ಕೆ ಕಣ್ಣಿನ ಹೊರತು ಬೇರಾವ ಯಂತ್ರವೂ ಬೇಕಾಗಲಿಲ್ಲ. ಅದು ನೆಲೆಯೂರಿದ್ದು ಈ ಎರಡು ಕಾರಣಗಳಿಂದಲೇ ಎಂಬುದು ನನ್ನ ಎಣಿಕೆ.

ಇನ್ನು ನಾಯಿಯ ವಿಚಾರ. ಹಿಂದೆ ಹಳ್ಳಿಯ ನಾಯಿಗೆ ಗುರುತಿನ ಅವಶ್ಯಕತೆಯೇ ಇರಲಿಲ್ಲ. ಅದು ಇಂಥವರ ಮನೆಯದೆಂದು ಊರಿಗೆಲ್ಲ ಗೊತ್ತಿತ್ತು, ಅದು ಊರನ್ನು ಬಿಟ್ಟು ಹೋಗುತ್ತಲೂ ಇರಲಿಲ್ಲ. ಈಗ ಚಿತ್ರದುರ್ಗದ ಹೊಸ ಬಡಾವಣೆಗಳಲ್ಲಿ ಪಕ್ಕದ ಮನೆಯವರ ಹೆಸರೇ ತಿಳಿಯದವರು ದೂರದೂರಿನಿಂದ ತಂದ ಲ್ಯಾಬ್ರಡಾರನ್ನೋ ಪೊಮೆರೇನಿಯನ್ನನ್ನೋ ಸಾಕುತ್ತಿದ್ದಾರೆ. ಬೆಂಗಳೂರು ಪುಣೆಗಳ ನಡುವಣ ಹೆದ್ದಾರಿಯು ಹಿರಿಯೂರನ್ನೂ ದುರ್ಗವನ್ನೂ ಹಾದುಹೋಗುವುದರಿಂದ, ದಾರಿಯ ಉಪಾಹಾರಗೃಹದ ಮುಂದೆ ಕಾರಿನ ಬಾಗಿಲು ತೆರೆದಾಗ ಹಾರಿ ಓಡಿದ ನಾಯಿಯ ಒಡೆಯರು ಧಾರವಾಡದವರೋ ಕೊಲ್ಹಾಪುರದವರೋ ಆಗಿರಬಹುದು. ಚಿಕ್ಕಜಾಜೂರಿನ ಜಂಕ್ಷನ್ನಿನಲ್ಲಿ ಇಳಿದುಬಿಟ್ಟ ನಾಯಿಗೂ ಇದೇ ಗತಿ. ದೀಪಾವಳಿಯ ಪಟಾಕಿಗೆ ಬೆದರಿ, ಗಣಪತಿಯನ್ನು ಬಿಡುವ ಮೆರವಣಿಗೆಯ ಸದ್ದಿಗೆ ಹೆದರಿ ಸರಪಣಿ ಕಿತ್ತುಕೊಂಡು ಓಡುವ ನಾಯಿಗಳಂತೂ ಪ್ರತಿ ವರ್ಷದ ಸಂಗತಿ. ಕೊರಳ ಬೆಲ್ಟು ಕಳಚಿ ಬಿದ್ದರೆ ಅವುಗಳನ್ನು ಬೀದಿನಾಯಿಗಳಿಂದ ಬೇರ್ಪಡಿಸಿ ತಿಳಿಯುವ ಸಾಧನವಿಲ್ಲ; ಮುಧೋಳದ ನಾಯಿಯಂತಹ ನಮ್ಮದೇ ತಳಿಯಾಗಿದ್ದರೆ ಕಂಡವರೊಬ್ಬರು ಕಟ್ಟಿಹಾಕಿಕೊಂಡು ತಮ್ಮದೆನ್ನುವುದಕ್ಕೂ ಅಡ್ಡಿಯಿಲ್ಲ.

ಈ ಕೊರತೆಯನ್ನು ತುಂಬುವುದಕ್ಕೆ ಬಂದದ್ದು ಚಿಪ್. ಜೀವಶರೀರಕ್ಕೆ ಒಗ್ಗುವ ಗಾಜಿನ ಕೋಶದೊಳಗೆ ಸಣ್ಣದೊಂದು ತಂತಿಯ ಸುರುಳಿಯೂ ಸಂಖ್ಯೆಯನ್ನು ಧರಿಸಿದ ಸೂಕ್ಷ್ಮ ಮಂಡಲವೂ ಇರುವುವು. ಸಾಮಾನ್ಯವಾಗಿ ಇದರ ಉದ್ದ 12 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಲಸಿಕೆಯ ಸೂಜಿಗಿಂತ ತುಸು ದಪ್ಪನೆಯ ಸೂಜಿಯಿಂದ, ಅರಿವಳಿಕೆಯಿಲ್ಲದೆಯೇ, ನಾಯಿಯ ಎರಡು ಹೆಗಲುಗಳ ನಡುವಣ ಸಡಿಲ ಚರ್ಮದ ಅಡಿಗೆ ಇದನ್ನು ಇಳಿಸುವರು. ಒಳಗೆ ಬ್ಯಾಟರಿಯಿಲ್ಲ. ಸ್ಕ್ಯಾನರನ್ನು ಸಮೀಪಕ್ಕೆ ತಂದಾಗ ಅದರ ಕಾಂತಕ್ಷೇತ್ರದಿಂದಲೇ ಒಳಗಣ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಅಷ್ಟರ ಬಲದಿಂದ ಚಿಪ್ ತನ್ನ ಹದಿನೈದು ಅಂಕಿಗಳನ್ನು ತಿಳಿಸುವುದು. ಅಂತರರಾಷ್ಟ್ರೀಯ ಮಾನದಂಡಕ್ಕೆ ಸೇರಿದ ಚಿಪ್‌ಗಳು 134.2 ಕಿಲೋಹರ್ಟ್ಸ್ ಆವರ್ತದಲ್ಲಿ ಮಾತನಾಡುವುವು. ಸವೆಯುವ ಭಾಗವೇ ಇಲ್ಲದ್ದರಿಂದ ಪ್ರಾಣಿಯ ಆಯುಷ್ಯವೆಲ್ಲ ಅದು ಕೆಲಸಕ್ಕೆ ಬರುವುದು. ಓದುವ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಇದರಲ್ಲಿಯೂ ಒಂದು ಕೈಕುಶಲತೆಯಿದೆಯೆಂಬುದು ತಿಳಿಯುವುದು. ಪಶುವೈದ್ಯರು ಮೊದಲು ಕೊರಳಿನ ಲೋಹದ ಬಕ್ಕಲನ್ನು ತೆಗೆಸುವರು. ಉಪಕರಣವನ್ನು ಕೂದಲಿಗೆ ತಾಗುವಷ್ಟು ಹತ್ತಿರ ಹಿಡಿದು, ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಮರಳಿ ಕೊರಳಿಗೆ ಅವಸರವಿಲ್ಲದೆ ಆಡಿಸುವರು. ಅಲ್ಲಿ ಸದ್ದು ಹುಟ್ಟದಿದ್ದರೆ ಎರಡು ಪಕ್ಕಗಳನ್ನೂ ಮುಂಗಾಲಿನ ಮೇಲ್ಭಾಗವನ್ನೂ ನೋಡುವರು. ಏಕೆಂದರೆ ವರ್ಷಗಳು ಕಳೆದಂತೆ ಚಿಪ್ ಚರ್ಮದಡಿಯಲ್ಲಿ ಸರಿದು ಹೆಗಲ ಕೆಳಕ್ಕೆ ಇಳಿದಿರುವುದುಂಟು. ಅವಸರದಲ್ಲಿ ಒಂದು ಸಲ ಆಡಿಸಿ, ಚಿಪ್ ಇಲ್ಲವೆಂದು ಹೇಳುವುದು ನಾಯಿಗೆ ಮಾಡುವ ಅನ್ಯಾಯ.

ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಬೇಕು. ನಾಯಿ ಎಲ್ಲಿದೆಯೆಂಬುದನ್ನು ಚಿಪ್ ಮೊಬೈಲಿಗೆ ತಿಳಿಸುವುದಿಲ್ಲ. ಜಿಪಿಎಸ್ ಬೇರೆ, ಇದು ಬೇರೆ. ಕೆಲವು ಅಂಗುಲಗಳಾಚೆಗೆ ಚಿಪ್ ಮೂಕ. ಅದರಲ್ಲಿ ಒಡೆಯನ ಹೆಸರಾಗಲಿ ವಿಳಾಸವಾಗಲಿ ಇರುವುದೂ ಇಲ್ಲ, ಸಂಖ್ಯೆಯೊಂದೇ ಇರುವುದು. ಆ ಸಂಖ್ಯೆಯನ್ನು ದಫ್ತರದಲ್ಲಿ ನೋಂದಾಯಿಸದಿದ್ದರೆ ಚಿಪ್ ಹಾಕಿಸಿದುದೂ ಹಾಕಿಸದಿದ್ದುದೂ ಒಂದೇ.

ಇದು ಊಹೆಯ ಮಾತಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 53 ಪ್ರಾಣಿ ಆಶ್ರಯಗಳಿಗೆ ಬಂದ, ಚಿಪ್ ಇದ್ದ 7,704 ಪ್ರಾಣಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಬೀದಿಯಿಂದ ಬಂದ ಒಟ್ಟು ನಾಯಿಗಳಲ್ಲಿ ನೂರಕ್ಕೆ ಸುಮಾರು 22 ಮಾತ್ರ ಮನೆಗೆ ಮರಳಿದರೆ, ಚಿಪ್ ಇದ್ದ ನಾಯಿಗಳಲ್ಲಿ ನೂರಕ್ಕೆ 52 ಮರಳಿದವು. ಬೆಕ್ಕುಗಳಲ್ಲಿ ನೂರಕ್ಕೆ ಎರಡೂ ಮರಳದಿದ್ದ ಕಡೆ, ಚಿಪ್ ಇದ್ದವುಗಳಲ್ಲಿ 38 ಮರಳಿದವು. ಬೆಕ್ಕು ಸಾಕುವವರು ಈ ಎರಡನೆಯ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಚಿಪ್ ಇದ್ದೂ ಒಡೆಯರು ಸಿಕ್ಕದ ಪ್ರಸಂಗಗಳಲ್ಲಿ ಮೂರರಲ್ಲೊಂದು ಭಾಗಕ್ಕೆ ಕಾರಣವು ದೂರವಾಣಿಯ ಸಂಖ್ಯೆ ತಪ್ಪಾಗಿದ್ದುದು ಅಥವಾ ನಿಂತುಹೋಗಿದ್ದುದು. ಕೆಲವೆಡೆ ಸಂಖ್ಯೆಯು ನೋಂದಣಿಯೇ ಆಗಿರಲಿಲ್ಲ, ಕೆಲವೆಡೆ ಬೇರೊಂದು ದಫ್ತರದಲ್ಲಿತ್ತು. ಸಿಮ್ ಕಾರ್ಡನ್ನು ಸುಲಭವಾಗಿ ಬದಲಾಯಿಸುವ ನಮ್ಮಲ್ಲಿ ಈ ಎಚ್ಚರಿಕೆಯು ಇನ್ನೂ ಹೆಚ್ಚಾಗಿ ಬೇಕು.

ಹೊರದೇಶಗಳಲ್ಲಿ ಇದು ಕಾನೂನಾಗಿ ಬಹುಕಾಲವಾಯಿತು. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್ 6ರಿಂದ ಎಂಟು ವಾರ ತುಂಬಿದ ಪ್ರತಿ ನಾಯಿಗೂ, 2024ರ ಜೂನ್ 10ರಿಂದ ಇಪ್ಪತ್ತು ವಾರ ತುಂಬುವುದರೊಳಗೆ ಪ್ರತಿ ಬೆಕ್ಕಿಗೂ ಚಿಪ್ ಕಡ್ಡಾಯ. ಇಲ್ಲಿಂದ ಯೂರೋಪಿಗೆ ಹೋಗಿ ನೆಲಸುವ ನಮ್ಮ ಕುಟುಂಬಗಳು ಪ್ರಾಣಿಯನ್ನು ಒಳಕ್ಕೆ ತರುವುದಕ್ಕೆ ಅಲ್ಲಿರುವ ನಿಯಮದ ಬಿಗಿಯನ್ನು ಅನುಭವದಿಂದ ಬಲ್ಲವು. ಮೊದಲು ಚಿಪ್, ಅನಂತರ ರೇಬೀಸ್ ಲಸಿಕೆ, ಲಸಿಕೆಯಾಗಿ ತಿಂಗಳು ಕಳೆದ ಮೇಲೆ ರಕ್ತಪರೀಕ್ಷೆ, ಅದಾಗಿ ಮೂರು ತಿಂಗಳ ನಿರೀಕ್ಷೆ: ಈ ಕ್ರಮದಲ್ಲಿ ಮೊದಲೆರಡು ಹಿಂದುಮುಂದಾದರೂ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕು. ನಾಯಿಯನ್ನು ಕರೆದೊಯ್ಯಬೇಕೆಂದಿರುವವರು ಪ್ರಯಾಣಕ್ಕೆ ಅರ್ಧ ವರ್ಷ ಮುಂಚೆಯೇ ಚಿಪ್ ಹಾಕಿಸುವುದು ಕ್ಷೇಮ.

ನಮ್ಮ ದೇಶದಲ್ಲಿ 2017ರ ನಾಯಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ತಳಿಗಾರರಿಗೆ ಚಿಪ್ಪನ್ನು ವಿಧಿಸಿವೆ. ಮರಿಯನ್ನು ಕೊಳ್ಳುವವರು ಚಿಪ್ಪಿನ ಸಂಖ್ಯೆ ಎಲ್ಲಿ ಎಂದು ಕೇಳಿದರೆ ಮಾತ್ರ ಈ ವಿಧಿಗೆ ಜೀವ ಬರುವುದು. ಬೀದಿನಾಯಿಗಳ ವಿಷಯವು ಇನ್ನೂ ಗಹನವಾದದ್ದು. 2023ರ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯಂಚಿನಲ್ಲಿ ಕಚ್ಚು ಮಾಡುವರು. ಕುರಿಗಾರನ ಗುರುತೇ ಮುನಿಸಿಪಾಲಿಟಿಯ ಗುರುತೂ ಆಯಿತು. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ, ರೇಬೀಸ್ ತಗುಲಿದವುಗಳನ್ನೂ ಕ್ರೂರವಾದವುಗಳನ್ನೂ ಬಿಟ್ಟು, ಮಿಕ್ಕ ನಾಯಿಗಳನ್ನು ಶಸ್ತ್ರಚಿಕಿತ್ಸೆ ಲಸಿಕೆಗಳಾದ ಮೇಲೆ ಹಿಡಿದ ಸ್ಥಳಕ್ಕೇ ಮರಳಿ ಬಿಡಬೇಕೆಂದಿತು. ಆದರೆ ಕಿವಿಯ ಕಚ್ಚು ಶಸ್ತ್ರಚಿಕಿತ್ಸೆಯಾಯಿತೆಂಬುದನ್ನು ಹೇಳೀತೇ ಹೊರತು, ಯಾವ ಬೀದಿಯ ನಾಯಿ, ಲಸಿಕೆ ಯಾವಾಗ ಹಾಕಿದ್ದು ಎಂಬುದನ್ನು ಹೇಳಲಾರದು. ಬೆಂಗಳೂರು ಮಹಾನಗರ ಪಾಲಿಕೆಯು 2024ರಲ್ಲಿ ಬೀದಿನಾಯಿಗಳಿಗೆ ಪ್ರಾಯೋಗಿಕವಾಗಿ ಚಿಪ್ ಅಳವಡಿಸಲು ಹೊರಟುದು ಈ ಕೊರತೆಯನ್ನು ನೀಗಿಸುವುದಕ್ಕೆ. ಸಣ್ಣ ಪುರಸಭೆಗೆ ಆ ವೆಚ್ಚವನ್ನು ಹೊರಿಸುವ ಮುಂಚೆ ಸಾಕುನಾಯಿಗಳ ನೋಂದಣಿಯನ್ನು ಸರಿಯಾಗಿ ನಡೆಸುವುದೇ ವಿವೇಕವೆಂದು ನಾನು ಭಾವಿಸುತ್ತೇನೆ. ಬೇಡವಾಯಿತೆಂದು ಬೀದಿಗೆ ಬಿಟ್ಟ ಸಾಕುನಾಯಿಯ ಒಡೆಯನನ್ನು ಹುಡುಕಿ ಕೇಳಲು ಸಾಧ್ಯವಾದರೆ ಬೀದಿನಾಯಿಗಳ ಹೆಚ್ಚಳಕ್ಕೆ ಒಂದು ಕಡೆಯಿಂದಲಾದರೂ ತಡೆಯುಂಟಾಗುವುದು.

ಆಕ್ಷೇಪಗಳಲ್ಲಿ ನೋವಿನದು ಗಣನೀಯವಲ್ಲ. ಕಾದ ಬರೆಗೂ ಕಿವಿ ಕತ್ತರಿಸುವುದಕ್ಕೂ ಹೋಲಿಸಿದರೆ ಈ ಸೂಜಿಯ ನೋವು ಕ್ಷಣಿಕ. ಗಡ್ಡೆ ಬೆಳೆಯುವುದೆಂಬ ಭಯವು ಪ್ರಯೋಗಾಲಯದ ಇಲಿಗಳಲ್ಲಿ ಕಂಡುದರಿಂದ ಹುಟ್ಟಿದ್ದು. ಲಕ್ಷಾಂತರ ನಾಯಿ ಬೆಕ್ಕುಗಳಲ್ಲಿ ಅಂಥದು ಅತಿ ವಿರಳ. ಖರ್ಚಿನ ಆಕ್ಷೇಪವು ಮಾತ್ರ ನಿಜವಾದದ್ದು. ಕುರಿಮಂದೆಯೊಡನೆ ನಡೆಯುವ ನಾಯಿಯ ಒಡೆಯನಿಗೆ ಹಣ ಕೊಟ್ಟು ಚಿಪ್ ಹಾಕಿಸೆಂದರೆ ಅವನು ಹಾಕಿಸಲಾರ. ಆದರೆ ಊರೂರು ಅಲೆಯುವ ಆ ನಾಯಿಯೇ ತಪ್ಪಿಹೋಗುವ ಸಂಭವ ಹೆಚ್ಚಾದದ್ದು, ರೇಬೀಸ್ ಲಸಿಕೆ ಹೆಚ್ಚು ಬೇಕಾದದ್ದು. ಕಾಲುಬಾಯಿ ಜ್ವರದ ಲಸಿಕೆಯೊಡನೆ ಓಲೆಯನ್ನು ಹೇಗೆ ಉಚಿತವಾಗಿ ಹಾಕಿದರೋ ಹಾಗೆಯೇ, ಪ್ರತಿ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ನಡೆಯುವ ಲಸಿಕಾ ಶಿಬಿರಗಳಲ್ಲಿ ಚಿಪ್ಪನ್ನೂ ಸೇರಿಸುವುದೇ ಇದಕ್ಕೆ ದಾರಿ. ದನಗಳ ಸಂಖ್ಯೆಯನ್ನು ಹೊತ್ತಿರುವ ಸರಕಾರಿ ದಾಖಲೆಯಲ್ಲಿಯೇ ನಾಯಿಯ ಸಂಖ್ಯೆಗೂ ಒಂದು ಕಡೆ ಮಾಡಿಕೊಟ್ಟರೆ, ಖಾಸಗಿ ದಫ್ತರಗಳು ಹಲವಾಗಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಅಮೆರಿಕದ ತೊಡಕು ನಮಗೆ ಬಾರದು. ಪ್ರತಿ ವರ್ಷ ಲಸಿಕೆಗೆ ಬಂದಾಗ ಒಡೆಯನ ಮೊಬೈಲ್ ಸಂಖ್ಯೆಯನ್ನು ಕೇಳಿ ತಿದ್ದಿಕೊಳ್ಳುವುದು ಲಸಿಕೆಯಷ್ಟೇ ಮುಖ್ಯವಾದ ಕೆಲಸವೆಂದು ಸಿಬ್ಬಂದಿಗೆ ತಿಳಿಸಬೇಕು. ಚಿಪ್ ಹಾಕಿಸಿದವರು ಕೊರಳ ಬೆಲ್ಟಿನ ಬಿಲ್ಲೆಯಲ್ಲಿ ಫೋನ್ ಸಂಖ್ಯೆಯನ್ನು ಕೆತ್ತಿಸುವುದನ್ನು ಬಿಡಬಾರದು. ದಾರಿಹೋಕನು ಓದಬಲ್ಲದ್ದು ಬಿಲ್ಲೆಯನ್ನೇ; ಬಿಲ್ಲೆ ಕಳಚಿದಾಗಲೂ, ನಾಯಿ ಯಾರದೆಂಬ ವಾದವು ಪೊಲೀಸು ಠಾಣೆಗೆ ಹೋದಾಗಲೂ ನೆರವಾಗುವುದು ಚಿಪ್.

ಸ್ಕ್ಯಾನರುಗಳಾದರೋ ಮೊದಲು ಬೇಕು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಪಶು ಆಸ್ಪತ್ರೆಗಳಿಗೆ ಒಂದೊಂದು, 1962ಕ್ಕೆ ಕರೆದರೆ ಬರುವ ಸಂಚಾರಿ ಪಶುಚಿಕಿತ್ಸೆಯ ವಾಹನಗಳಿಗೆ ಒಂದೊಂದು, ನಾಯಿ ಹಿಡಿಯುವ ಪುರಸಭೆಯ ಗಾಡಿಗೆ ಒಂದು ಎಂದರೂ ಆ ವೆಚ್ಚ ದೊಡ್ಡದಾಗಲಾರದು. ಹೆದ್ದಾರಿಯ ಮೇಲೆ ವಾಹನಕ್ಕೆ ಸಿಕ್ಕಿ ಸತ್ತ ನಾಯಿಗಳನ್ನು ಎತ್ತಿ ಸಾಗಿಸುವ ಕೆಲಸಗಾರರ ಕೈಗೂ ಒಂದನ್ನು ಕೊಟ್ಟು, ಹೂಳುವ ಮುಂಚೆ ಹೆಗಲ ಮೇಲೆ ಆಡಿಸಿ ನೋಡುವ ಅಭ್ಯಾಸವನ್ನು ಮಾಡಿಸಬೇಕೆಂದು ನನ್ನ ಪ್ರಾರ್ಥನೆ. ವಾರಗಟ್ಟಲೆ ಬೀದಿಬೀದಿಗೆ ಚೀಟಿ ಅಂಟಿಸುತ್ತ, ಸಂಜೆಯಾದರೆ ಬಾಗಿಲು ತೆರೆದಿಟ್ಟು ಕಾಯುವ ಮನೆಯವರಿಗೆ ಒಂದು ಕರೆ ಮಾಡಿ ನಿಜವನ್ನು ತಿಳಿಸುವುದೂ ಈ ಏರ್ಪಾಟು ಸಲ್ಲಿಸಬೇಕಾದ ಸೇವೆಯೇ ಆಗಿದೆ.